ಮಣ್ಣಿನಿಂದ ಹೆಸರಿನವರೆಗೆ: ಕೋಶೀಯ ಲೋಳೆ ಬೂಸ್ಟುಗಳನ್ನು ಬೆಳೆಸಿ, ನೋಡಿ, ಗುರುತಿಸುವ ಕ್ರಮ

ಕೋಶೀಯ ಲೋಳೆ ಬೂಸ್ಟುಗಳನ್ನು ಕಲಿಯಲು ಹೊರಟವರಿಗೆ ಮೊದಲ ತೊಡಕು ಅವುಗಳ ಹೆಸರೇ. ಇವು ಬೂಸ್ಟುಗಳಲ್ಲ, ಶಿಲೀಂಧ್ರಗಳ ವಂಶಕ್ಕೆ ಸೇರಿದವೂ ಅಲ್ಲ. ಬದುಕಿನ ಬಹುಭಾಗವನ್ನು ಇವು ಮಣ್ಣಿನಲ್ಲಿ ಬಿಡಿ ಅಮೀಬಾಗಳಾಗಿ, ಬ್ಯಾಕ್ಟೀರಿಯಾಗಳನ್ನು ನುಂಗುತ್ತ ಕಳೆಯುತ್ತವೆ. ಆಹಾರ ತೀರಿದಾಗ ಮಾತ್ರ ಸಾವಿರಾರು ಅಮೀಬಾಗಳು ಒಂದೆಡೆ ಸೇರಿ, ಒಂದೇ ದೇಹದಂತೆ ನಡೆದುಕೊಂಡು, ಕೊನೆಗೆ ದಂಟು ಮತ್ತು ಬೀಜಾಣುಗಳ ಗುಂಡು ಇರುವ ಪುಟ್ಟ ಫಲಕಾಯವನ್ನು ಕಟ್ಟುತ್ತವೆ. ನಮ್ಮ ಪದವಿಪೂರ್ವ ಜೀವಶಾಸ್ತ್ರದ ಪಠ್ಯ ಲೋಳೆ ಬೂಸ್ಟುಗಳ ಬಗ್ಗೆ ಹೇಳುವ ನಾಲ್ಕಾರು ವಾಕ್ಯಗಳು ಪ್ಲಾಸ್ಮೋಡಿಯಂ ಕಟ್ಟುವ ಬಗೆಯನ್ನು ಕುರಿತವು; ಅದು ಬೇರೆಯ ಗುಂಪು. ಅಲ್ಲಿ ಕೋಶಗಳ ನಡುವಿನ ಗೋಡೆಯೇ ಇಲ್ಲದೆ ಅಸಂಖ್ಯ ಕೋಶಕೇಂದ್ರಗಳು ಒಂದೇ ಲೋಳೆಯಲ್ಲಿ ತೇಲುತ್ತಿರುತ್ತವೆ. ಇಲ್ಲಿ ಹಾಗಲ್ಲ: ಒಗ್ಗೂಡಿದ ಮೇಲೂ ಪ್ರತಿ ಅಮೀಬಾ ತನ್ನ ಪೊರೆಯೊಳಗೆ ತಾನಾಗಿಯೇ ಉಳಿಯುತ್ತದೆ. 'ಕೋಶೀಯ' ಎಂಬ ವಿಶೇಷಣ ಬಂದದ್ದು ಇದರಿಂದಲೇ.

ಈ ಜೀವಿಗಳ ವರ್ಗೀಕರಣವನ್ನು ಪಟ್ಟಿ ನೋಡಿ ಬಾಯಿಪಾಠ ಮಾಡುವುದರಿಂದ ಹೆಚ್ಚೇನೂ ದಕ್ಕುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ವರ್ಗೀಕರಣಕ್ಕೆ ಆಧಾರವಾದ ಪ್ರತಿಯೊಂದು ಲಕ್ಷಣವೂ ಜೀವನಚಕ್ರದ ಯಾವುದೋ ಒಂದು ಘಟ್ಟದಲ್ಲಿ, ಕೆಲವು ಗಂಟೆಗಳ ಕಾಲ ಮಾತ್ರ ಕಾಣಿಸುತ್ತದೆ. ಆ ಗಂಟೆಗಳಲ್ಲಿ ನೋಡದವರಿಗೆ ಹೆಸರಿಡುವ ಆಧಾರವೇ ಇರುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿ ಮಣ್ಣು ತರುವಲ್ಲಿಂದ ಆರಂಭವಾಗುತ್ತದೆ, ಹೆಸರು ಕೊನೆಗೆ ಬರುತ್ತದೆ. ಪದವಿ ತರಗತಿಯ ವಿದ್ಯಾರ್ಥಿಗಳು, ಅಧ್ಯಾಪಕರು, ಒಂದು ಸೂಕ್ಷ್ಮದರ್ಶಕವೂ ಸಾಕಷ್ಟು ತಾಳ್ಮೆಯೂ ಇರುವ ಆಸಕ್ತರು ಇದನ್ನು ಅನುಸರಿಸಬಹುದು.

ಮಣ್ಣನ್ನು ಎಲ್ಲಿಂದ, ಹೇಗೆ ತರಬೇಕು

ತರಗೆಲೆ ಕೊಳೆತು ಕಪ್ಪಾದ, ಕೈಯಲ್ಲಿ ಹಿಡಿದರೆ ಒದ್ದೆಯೆನಿಸಿದರೂ ಹಿಂಡಿದರೆ ನೀರು ಸುರಿಯದ ಮೇಲ್ಮಣ್ಣು ಇದಕ್ಕೆ ತಕ್ಕದ್ದು. ಮೇಲಿನ ಒಣ ಎಲೆಗಳನ್ನು ಸರಿಸಿ, ಅವುಗಳ ಕೆಳಗಿನ 5 ಸೆಂಟಿಮೀಟರ್ ಆಳದೊಳಗಿನ ಮಣ್ಣನ್ನು ಕುದಿನೀರಿನಲ್ಲಿ ಅದ್ದಿ ತೆಗೆದ ಚಮಚದಿಂದ ಹೊಸ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಳ್ಳಬೇಕು. ಒಂದು ಜಾಗದಿಂದ 20 ಗ್ರಾಂ ಧಾರಾಳವಾಯಿತು. ಒಂದೇ ಕಡೆ ಒಂದು ಕಿಲೋ ಅಗೆಯುವುದಕ್ಕಿಂತ, ಹತ್ತು ಹೆಜ್ಜೆಗೊಂದರಂತೆ ಐದಾರು ಕಡೆಯಿಂದ ಸ್ವಲ್ಪಸ್ವಲ್ಪ ತಂದರೆ ಹೆಚ್ಚು ಪ್ರಭೇದಗಳು ಸಿಗುತ್ತವೆ. ಚೀಲದ ಮೇಲೆ ದಿನಾಂಕ, ಸ್ಥಳ, ಮೇಲಿದ್ದ ಮರ ಯಾವುದು, ಮಣ್ಣು ಎಷ್ಟು ಒದ್ದೆಯಿತ್ತು ಎಂಬುದನ್ನು ಅಲ್ಲೇ ಬರೆಯಬೇಕು. ಮನೆಗೆ ಬಂದ ಮೇಲೆ ನೆನಪಿನಿಂದ ಬರೆದ ಚೀಟಿಯನ್ನು ನಂಬಲಾಗದು.

ಮಣ್ಣನ್ನು ಬಿಸಿಲಿಗೆ ಒಣಗಿಸಬಾರದು, ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನದ ಕಾವಿಗೆ ಬಿಡಬಾರದು. ತಂಪಾದ ಜಾಗದಲ್ಲಿಟ್ಟು ಒಂದು ವಾರದೊಳಗೆ ಬಳಸುವುದು ಒಳ್ಳೆಯದು. ಅಭಯಾರಣ್ಯ ಮತ್ತು ಮೀಸಲು ಅರಣ್ಯಗಳಿಂದ ಒಂದು ಹಿಡಿ ಮಣ್ಣು ತರುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅಭ್ಯಾಸಕ್ಕಾದರೆ ಕಾಲೇಜಿನ ಆವರಣದ ಹಳೆಯ ಮರದ ಬುಡ ಅಥವಾ ಹತ್ತಾರು ವರ್ಷ ಉಳುಮೆ ಕಾಣದ ಕಾಫಿ ತೋಟದ ನೆರಳಿನ ಜಾಗವೇ ಸಾಕು.

ಕಾಡುಪ್ರಾಣಿಗಳ ಲದ್ದಿಯೂ ಈ ಜೀವಿಗಳ ಒಳ್ಳೆಯ ಮೂಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಅವರೂ ಅವರ ಸಹೋದ್ಯೋಗಿಗಳೂ ಮುದುಮಲೆ ಕಾಡಿನ ಮಣ್ಣು ಮತ್ತು ಲದ್ದಿಯನ್ನು ಪರೀಕ್ಷಿಸಿ, ದೊಡ್ಡ ಸಸ್ತನಿಗಳ ಲದ್ದಿಯ ಮೂಲಕ ಇವು ಬಹುದೂರ ಹರಡುತ್ತವೆ ಎಂದು 2010ರಲ್ಲಿ ಪ್ರಕಟಿಸಿದರು. ಅವರು ವಿವರವಾಗಿ ಪರಿಶೀಲಿಸಿದ ಎರಡು ಪ್ರಭೇದಗಳು ಡಿಕ್ಟಿಯೋಸ್ಟೀಲಿಯಂ ಜೈಗ್ಯಾಂಟಿಯಂ ಮತ್ತು ಡಿಕ್ಟಿಯೋಸ್ಟೀಲಿಯಂ ಪರ್ಪ್ಯೂರಿಯಂ. ನಮ್ಮ ಭಾಗದ ಕಾಡಿನ ಮಣ್ಣಿನಲ್ಲಿ ಹುಡುಕುವವರು ಈ ಎರಡು ಹೆಸರುಗಳನ್ನು ಮೊದಲೇ ಪರಿಚಯ ಮಾಡಿಕೊಂಡಿರುವುದು ಲೇಸು.

ಹುಲ್ಲಿನ ಕಷಾಯದ ಅಗರ್

ಈ ಅಮೀಬಾಗಳಿಗೆ ಬೇಕಾದದ್ದು ಪೌಷ್ಟಿಕ ಮಾಧ್ಯಮವಲ್ಲ, ಬ್ಯಾಕ್ಟೀರಿಯಾ. ಮಾಧ್ಯಮ ಪೌಷ್ಟಿಕವಾದಷ್ಟೂ ಮಣ್ಣಿನ ಶಿಲೀಂಧ್ರಗಳೂ ಬೇಡದ ಬ್ಯಾಕ್ಟೀರಿಯಾಗಳೂ ತಟ್ಟೆಯನ್ನು (ಪೆಟ್ರಿ ತಟ್ಟೆ) ಮುಚ್ಚಿಬಿಡುತ್ತವೆ. ಆದ್ದರಿಂದ ಸಂಶೋಧಕರಾದ ಕ್ಯಾವೆಂಡರ್ ಮತ್ತು ರೇಪರ್ 1965ರಲ್ಲಿ ರೂಪಿಸಿದ, ಇಂದಿಗೂ ಎಲ್ಲೆಡೆ ಬಳಕೆಯಲ್ಲಿರುವ ವಿಧಾನದಲ್ಲಿ ತೀರ ತೆಳುವಾದ ಹುಲ್ಲಿನ ಕಷಾಯವನ್ನು ಬಳಸುತ್ತಾರೆ. ಮಳೆಬಿಸಿಲಿಗೆ ಬಿದ್ದು ಬಣ್ಣ ಕಳೆದುಕೊಂಡ ಹಳೆಯ ಒಣಹುಲ್ಲು ಇದಕ್ಕೆ ಬೇಕು. ಹೊಸ ಹುಲ್ಲಿನಲ್ಲಿ ಸಕ್ಕರೆಯ ಅಂಶ ಹೆಚ್ಚು. ಹತ್ತು ತಟ್ಟೆಗಳಿಗೆ ಸಾಲುವ 200 ಮಿಲಿಲೀಟರ್ ಮಾಧ್ಯಮಕ್ಕೆ 2 ಗ್ರಾಂ ಹುಲ್ಲನ್ನು ಕತ್ತರಿಸಿ ಅರ್ಧ ಗಂಟೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆವಿಯಾದ ನೀರನ್ನು ಮತ್ತೆ ಸೇರಿಸಿ, ಅದಕ್ಕೆ 0.3 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, 0.12 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಮತ್ತು 3 ಗ್ರಾಂ ಅಗರ್ ಬೆರೆಸಬೇಕು. ಪಿಎಚ್ 6ರ ಆಸುಪಾಸಿನಲ್ಲಿರಲಿ. ಆಟೋಕ್ಲೇವ್ ಇಲ್ಲದವರು ದೊಡ್ಡ ಪ್ರೆಶರ್ ಕುಕ್ಕರಿನಲ್ಲಿ, ಒತ್ತಡ ಪೂರ್ತಿ ಏರಿದ ಮೇಲೆ 20 ನಿಮಿಷ ಬಿಟ್ಟು ಇಳಿಸಬಹುದು. ಅಡುಗೆಮನೆಯ ಚೀನಾ ಹುಲ್ಲು ಕೂಡ ಅಗರ್ ಜಾತಿಯದೇ ಆದರೂ ಅದರ ಶುದ್ಧತೆ ಪೊಟ್ಟಣದಿಂದ ಪೊಟ್ಟಣಕ್ಕೆ ಬದಲಾಗುವುದರಿಂದ ಪ್ರಯೋಗಾಲಯದ ಅಗರನ್ನೇ ಬಳಸುವಂತೆ ನಾನು ಹೇಳುತ್ತೇನೆ.

ಆಹಾರವಾಗಿ ನಿರಪಾಯಕಾರಿಯಾದ ಇ. ಕೋಲೈ ತಳಿಯೊಂದನ್ನು ವಿಶ್ವಾಸಾರ್ಹ ಪ್ರಯೋಗಾಲಯದಿಂದ ಪಡೆದು, ಪೋಷಕ ಅಗರ್ ಮೇಲೆ ಒಂದು ದಿನ ಬೆಳೆಸಿ, ಶುದ್ಧ ನೀರಿನಲ್ಲಿ ತೊಳೆದು ಹಾಲಿನಷ್ಟು ಮಂದವಾದ ದ್ರವ ಮಾಡಿಟ್ಟುಕೊಳ್ಳಬೇಕು. ಸಂಶೋಧಕರು ಕ್ಲೆಬ್‌ಸಿಯೆಲ್ಲಾ ಬ್ಯಾಕ್ಟೀರಿಯಾವನ್ನೂ ಬಳಸುವುದುಂಟು, ಆದರೆ ಕಾಲೇಜಿನ ತರಗತಿಗೆ ಅದು ಬೇಡ.

ತಟ್ಟೆಗೆ ಹಾಕುವ ಲೆಕ್ಕ

ಇಲ್ಲಿ ಅಳತೆಗಳನ್ನು ಅಂದಾಜಿಗೆ ಬಿಡಬಾರದು. 10 ಗ್ರಾಂ ಮಣ್ಣನ್ನು 90 ಮಿಲಿಲೀಟರ್ ಶುದ್ಧ ನೀರಿಗೆ ಹಾಕಿ ಎರಡು ನಿಮಿಷ ಚೆನ್ನಾಗಿ ಕುಲುಕಬೇಕು. ಅದರಿಂದ 5 ಮಿಲಿಲೀಟರ್ ತೆಗೆದು 7.5 ಮಿಲಿಲೀಟರ್ ನೀರಿಗೆ ಸೇರಿಸಿದರೆ 25ಕ್ಕೆ 1ರ ದ್ರಾವಣವಾಗುತ್ತದೆ. ಪ್ರತಿ ತಟ್ಟೆಗೆ ಇದರ 0.5 ಮಿಲಿಲೀಟರ್ ಮತ್ತು ಬ್ಯಾಕ್ಟೀರಿಯಾ ದ್ರವದ 0.4 ಮಿಲಿಲೀಟರ್ ಹಾಕಿ, ತಟ್ಟೆಯನ್ನು ನಿಧಾನವಾಗಿ ತಿರುಗಿಸಿ ಹರಡಬೇಕು. ಹೀಗೆ ಹಾಕಿದ ತಟ್ಟೆಯೊಂದಕ್ಕೆ ಬಿದ್ದ ಮಣ್ಣು 0.02 ಗ್ರಾಂ. ಆದ್ದರಿಂದ ತಟ್ಟೆಯಲ್ಲಿ ಮುಂದೆ ಕಾಣುವ ಪ್ರತಿಯೊಂದು ವಸಾಹತು ಮೂಲ ಮಣ್ಣಿನ ಗ್ರಾಂ ಒಂದಕ್ಕೆ 50 ವಸಾಹತುಗಳನ್ನು ಪ್ರತಿನಿಧಿಸುತ್ತದೆ. ಈ ಒಂದು ಲೆಕ್ಕ ನೆನಪಿದ್ದರೆ, ಮಾವಿನ ತೋಪಿನ ಮಣ್ಣಿಗೂ ಪಕ್ಕದ ಉತ್ತ ಹೊಲದ ಮಣ್ಣಿಗೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಅಂಕಿಗಳಲ್ಲಿ ತೋರಿಸಬಹುದು.

ನೀರು ಇಂಗುವವರೆಗೆ ಮುಚ್ಚಳ ಮೇಲಿರಲಿ. ತಟ್ಟೆಗಳನ್ನು ಪಾಲಿಥೀನ್ ಚೀಲದಲ್ಲಿ ಸಡಿಲವಾಗಿ ಮುಚ್ಚಿ, 20ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ನೇರ ಬಿಸಿಲು ಬೀಳದಲ್ಲಿ ಇಡಬೇಕು. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನಂಥ ಊರುಗಳಲ್ಲಿ ಜುಲೈನಿಂದ ಜನವರಿಯವರೆಗೆ ಕೋಣೆಯ ಉಷ್ಣತೆಯೇ ಬಹುಮಟ್ಟಿಗೆ ಒಗ್ಗುತ್ತದೆ. ಕಲಬುರಗಿ, ರಾಯಚೂರು ಅಥವಾ ಕರಾವಳಿಯ ಬೇಸಿಗೆಯಲ್ಲಿ ತಂಪುಪೆಟ್ಟಿಗೆಯ ಏರ್ಪಾಟಿಲ್ಲದೆ ಈ ಕೆಲಸಕ್ಕೆ ಕೈಹಾಕುವುದು ವ್ಯರ್ಥ, ಏಕೆಂದರೆ ಹಲವು ಪ್ರಭೇದಗಳು 30 ಡಿಗ್ರಿಯ ಸುತ್ತಮುತ್ತ ಫಲಕಾಯ ಕಟ್ಟುವುದೇ ಇಲ್ಲ.

ನೋಡುವುದು: ಈ ಕೆಲಸದ ಜೀವಾಳ

ಮೊದಲ ಎರಡು ದಿನ ಏನೂ ಕಾಣುವುದಿಲ್ಲ. ಮೂರನೆಯ ದಿನದಿಂದ ಎರಡು ವಾರದವರೆಗೆ ದಿನಕ್ಕೆ ಎರಡು ಸಲ, ಸ್ಟೀರಿಯೊ ಸೂಕ್ಷ್ಮದರ್ಶಕದ ಕೆಳಗೆ, ಬೆಳಕನ್ನು ಓರೆಯಾಗಿ ಬೀಳಿಸಿ ನೋಡಬೇಕು. ಬ್ಯಾಕ್ಟೀರಿಯಾಗಳ ಮಬ್ಬು ಪದರದಲ್ಲಿ ಅಲ್ಲಲ್ಲಿ ತಿಳಿಯಾದ ವೃತ್ತಗಳು ಮೂಡುತ್ತವೆ. ಅಮೀಬಾಗಳು ತಿಂದು ಖಾಲಿ ಮಾಡಿದ ಜಾಗ ಅದು. ಒಂದು ಅಮೀಬಾ ಸುಮಾರು 10 ಮೈಕ್ರಾನ್ ಅಗಲದ್ದು; ಬ್ಯಾಕ್ಟೀರಿಯಾ ಯಥೇಚ್ಛವಾಗಿ ಸಿಕ್ಕಾಗ ಮೂರು ನಾಲ್ಕು ಗಂಟೆಗೊಮ್ಮೆ ಎರಡಾಗುತ್ತದೆ. ಬ್ಯಾಕ್ಟೀರಿಯಾಗಳು ಹೊರಬಿಡುವ ಫೋಲಿಕ್ ಆಮ್ಲದ ಜಾಡು ಹಿಡಿದು ಅವು ಆಹಾರದತ್ತ ಸಾಗುತ್ತವೆ.

ವೃತ್ತದ ನಡುಭಾಗದಲ್ಲಿ ಆಹಾರ ಮೊದಲು ತೀರುತ್ತದೆ, ಅಂಚಿನಲ್ಲಿ ಇನ್ನೂ ಉಳಿದಿರುತ್ತದೆ. ಆದ್ದರಿಂದ ಒಂದೇ ವಸಾಹತಿನಲ್ಲಿ ಅಂಚಿನಿಂದ ನಡುವಿಗೆ ಬರುತ್ತಿದ್ದಂತೆ ಜೀವನಚಕ್ರದ ಘಟ್ಟಗಳು ಸಾಲಾಗಿ ಕಾಣುತ್ತವೆ: ಅಂಚಿನಲ್ಲಿ ತಿನ್ನುವ ಅಮೀಬಾಗಳು, ಒಳಗೆ ಒಗ್ಗೂಡುತ್ತಿರುವ ಹೊಳೆಗಳು, ನಡುವೆ ಎದ್ದುನಿಂತ ಫಲಕಾಯಗಳು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ.

ಕಾಲಕ್ರಮವನ್ನು ಗಂಟೆಗಳಲ್ಲಿ ಅರಿಯಬೇಕೆಂದರೆ ಎಲ್ಲ ಅಮೀಬಾಗಳನ್ನೂ ಒಂದೇ ಗಳಿಗೆಗೆ ಹಸಿವಿಗೆ ಒಡ್ಡಬೇಕು. ಬೆಳೆಯುತ್ತಿರುವ ಅಮೀಬಾಗಳನ್ನು ತಣ್ಣೀರಿನಲ್ಲಿ ಕೆರೆದುಕೊಂಡು, ಸೆಂಟ್ರಿಫ್ಯೂಜಿನಲ್ಲಿ ಕಡಿಮೆ ವೇಗದಲ್ಲಿ ಮೂರು ಸಲ ತಿರುಗಿಸಿ ತೊಳೆದರೆ ಅಮೀಬಾಗಳು ತಳಕ್ಕಿಳಿಯುತ್ತವೆ, ಬ್ಯಾಕ್ಟೀರಿಯಾಗಳು ಮೇಲಿನ ನೀರಿನೊಂದಿಗೆ ಹೋಗುತ್ತವೆ. ಹೀಗೆ ತೊಳೆದ ಅಮೀಬಾಗಳನ್ನು, ಬೇರೇನೂ ಸೇರಿಸದ ಶೇಕಡಾ 2ರ ಅಗರ್ ಮೇಲೆ ಹನಿಹನಿಯಾಗಿ ಇಡಬೇಕು. ಇಡೀ ಬೆಳವಣಿಗೆಗೆ ಸುಮಾರು 24 ಗಂಟೆ ಹಿಡಿಯುವುದರಿಂದ ಒಂದೇ ತಟ್ಟೆಯನ್ನು ನೆಚ್ಚಿದರೆ ಅರ್ಧ ನಾಟಕ ರಾತ್ರಿ ನಡೆದುಹೋಗುತ್ತದೆ. ನಾನು ಹಲವು ಸಲ ಫಲಕಾಯ ಏಳುವ ಹೊತ್ತನ್ನು ನಿದ್ದೆಯಲ್ಲಿ ಕಳೆದುಕೊಂಡ ಮೇಲೆ ಈ ಉಪಾಯಕ್ಕೆ ಬಂದೆ: ಒಂದು ತಟ್ಟೆಯನ್ನು ಹಿಂದಿನ ರಾತ್ರಿ ಎಂಟಕ್ಕೆ, ಇನ್ನೊಂದನ್ನು ಬೆಳಗ್ಗೆ ಎಂಟಕ್ಕೆ ಹೂಡಿದರೆ, ಒಂದೇ ಹಗಲಿನಲ್ಲಿ ಎರಡನ್ನೂ ಸೇರಿಸಿ ಇಡೀ ಚಕ್ರ ಕಣ್ಣೆದುರು ನಡೆಯುತ್ತದೆ.

ಮುಂದೆ ಹೇಳುವ ಗಂಟೆಗಳು 22 ಡಿಗ್ರಿಯಲ್ಲಿ ಡಿಕ್ಟಿಯೋಸ್ಟೀಲಿಯಂ ಡಿಸ್ಕಾಯ್ಡಿಯಂ ಪ್ರಭೇದಕ್ಕೆ ಸಂಬಂಧಿಸಿದವು. ಕೆನೆತ್ ರೇಪರ್ 1933ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಕಾಡಿನಿಂದ ಪಡೆದು 1935ರಲ್ಲಿ ವಿವರಿಸಿದ ಈ ಪ್ರಭೇದವೇ ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಮಾದರಿ ಜೀವಿಯಾಗಿದೆ. 2005ರಲ್ಲಿ ಇದರ ಜೀನೋಮ್ ಪ್ರಕಟವಾಯಿತು: 6 ವರ್ಣತಂತುಗಳು, ಸುಮಾರು 12,500 ಜೀನುಗಳು. ನಿಮ್ಮ ಮಣ್ಣಿನಿಂದ ಬಂದ ಪ್ರಭೇದ ಬೇರೆಯಾಗಿದ್ದರೆ ಗಂಟೆಗಳು ಹೆಚ್ಚುಕಡಿಮೆಯಾದಾವು, ಘಟ್ಟಗಳ ಅನುಕ್ರಮ ಬಹುಮಟ್ಟಿಗೆ ಬದಲಾಗುವುದಿಲ್ಲ.

ಹಸಿವು ಆರಂಭವಾದ ನಾಲ್ಕರಿಂದ ಆರು ಗಂಟೆಗಳಲ್ಲಿ ಕೆಲವು ಅಮೀಬಾಗಳು ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವನ್ನು ಮಿಡಿತದಂತೆ, ಸುಮಾರು ಆರು ನಿಮಿಷಕ್ಕೊಮ್ಮೆ ಹೊರಬಿಡತೊಡಗುತ್ತವೆ. ಅದನ್ನು ಗ್ರಹಿಸಿದ ನೆರೆಯ ಅಮೀಬಾ ಎರಡು ಕೆಲಸ ಮಾಡುತ್ತದೆ: ಅಣು ಬಂದ ದಿಕ್ಕಿಗೆ ಸ್ವಲ್ಪ ಸರಿಯುತ್ತದೆ, ತಾನೂ ಅದೇ ಅಣುವನ್ನು ಸೂಸಿ ಸುದ್ದಿಯನ್ನು ಹಿಂದಿನವರಿಗೆ ದಾಟಿಸುತ್ತದೆ. ಹೀಗೆ ಅಲೆಯು ಹೊರಮುಖವಾಗಿಯೂ ಅಮೀಬಾಗಳು ಒಳಮುಖವಾಗಿಯೂ ಚಲಿಸುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಪ್ಪು ಬಿಳುಪಿನ ಸುರುಳಿಗಳಾಗಿ ಈ ಅಲೆಗಳನ್ನು ಗುರುತಿಸಬಹುದು. ಸ್ವಲ್ಪ ಹೊತ್ತಿನಲ್ಲೇ ಅಮೀಬಾಗಳು ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಸಿಕೊಂಡು, ಹಳ್ಳಗಳು ಕೂಡಿ ಹೊಳೆಯಾಗುವಂತೆ, ಕೇಂದ್ರದತ್ತ ಹರಿಯುತ್ತವೆ. ಅಮೀಬಾಗಳನ್ನು ಕರೆಯುವ ರಾಸಾಯನಿಕವೊಂದು ಇರಲೇಬೇಕೆಂದು 1947ರಲ್ಲಿ ತೋರಿಸಿ ಅದಕ್ಕೆ ಅಕ್ರಾಸಿನ್ ಎಂದು ಹೆಸರಿಟ್ಟವರು ಜಾನ್ ಟೈಲರ್ ಬಾನರ್. ಈ ಪ್ರಭೇದದ ಅಕ್ರಾಸಿನ್ ಸೈಕ್ಲಿಕ್ ಎಎಂಪಿಯೇ ಎಂದು ತಿಳಿದದ್ದು 1967ರಲ್ಲಿ. ಎಲ್ಲ ಪ್ರಭೇದಗಳೂ ಇದೇ ಅಣುವನ್ನು ಬಳಸುವುದಿಲ್ಲ. ಪಾಲಿಸ್ಫಾಂಡೈಲಿಯಂ ವಯೋಲೇಸಿಯಂ ತನ್ನವರನ್ನು ಕರೆಯುವುದು ಗ್ಲೋರಿನ್ ಎಂಬ ಬೇರೆಯೇ ಅಣುವಿನಿಂದ.

ಎಂಟು ಹತ್ತು ಗಂಟೆಗೆ ಹೊಳೆಗಳೆಲ್ಲ ಸೇರಿ ದಿಬ್ಬವಾಗುತ್ತವೆ. ಒಂದೊಂದು ದಿಬ್ಬದಲ್ಲಿ ಕೆಲವು ಸಾವಿರದಿಂದ ಒಂದು ಲಕ್ಷದವರೆಗೆ ಅಮೀಬಾಗಳಿರಬಹುದು. ದಿಬ್ಬದ ನೆತ್ತಿಯಲ್ಲಿ ಮೊಲೆತೊಟ್ಟಿನಂಥ ತುದಿಯೊಂದು ಮೂಡುತ್ತದೆ. ಮುಂದಿನ ಎಲ್ಲ ಚಲನೆಯ ಸೂತ್ರ ಆ ತುದಿಯ ಕೈಯಲ್ಲಿದೆ. ಒಂದು ತುದಿಯನ್ನು ಕತ್ತರಿಸಿ ಇನ್ನೊಂದರ ಪಕ್ಕಕ್ಕೆ ಅಂಟಿಸಿದರೆ ಅದು ಆ ದೇಹದ ಒಂದಷ್ಟು ಕೋಶಗಳನ್ನು ಸೆಳೆದುಕೊಂಡು ಬೇರೆ ಹೊರಡುತ್ತದೆ ಎಂದು ರೇಪರ್ 1940ರಲ್ಲೇ ತೋರಿಸಿದ್ದರು. ದಿಬ್ಬ ಬೆರಳಿನಂತೆ ಮೇಲೆದ್ದು, ಮಗುಚಿ, ಚಿಪ್ಪಿಲ್ಲದ ಬಸವನಹುಳುವಿನಂತೆ ತೆವಳತೊಡಗುತ್ತದೆ. ಸ್ಲಗ್ ಎಂದು ಕರೆಯುವ ಈ ರೂಪ 2ರಿಂದ 4 ಮಿಲಿಮೀಟರ್ ಉದ್ದವಿದ್ದು ಬರಿಗಣ್ಣಿಗೂ ಕಾಣುತ್ತದೆ. ಹಿಂದೆ ಕುಸಿದ ಲೋಳೆಯ ಹೊದಿಕೆ ಅದು ಸಾಗಿದ ಜಾಡಾಗಿ ಉಳಿಯುತ್ತದೆ. ಇದು ಬೆಳಕಿನತ್ತ, ತುಸು ಬೆಚ್ಚಗಿರುವ ಕಡೆಗೆ ಚಲಿಸುತ್ತದೆ. ಪರೀಕ್ಷಿಸಬೇಕೆಂದರೆ ತಟ್ಟೆಯನ್ನು ಕಪ್ಪು ಕಾಗದದಲ್ಲಿ ಸುತ್ತಿ, ಒಂದು ಬದಿಯಲ್ಲಿ ಸೂಜಿಯಿಂದ ರಂಧ್ರ ಮಾಡಿ, ಎದುರಿಗೆ ದೀಪವಿಡಿ. ಮರುದಿನ ಬಿಚ್ಚಿ ನೋಡಿದರೆ ಜಾಡುಗಳೆಲ್ಲ ರಂಧ್ರದ ಕಡೆಗೆ ಬಾಚಿದಂತೆ ಇರುತ್ತವೆ.

ಸ್ಲಗ್ಗಿನೊಳಗೆ ಆಗಲೇ ಕೆಲಸದ ಹಂಚಿಕೆಯಾಗಿರುತ್ತದೆ. ಮುಂಭಾಗದ ಸುಮಾರು ಐದನೆಯ ಒಂದು ಪಾಲು ಕೋಶಗಳು ದಂಟಾಗಲಿವೆ, ಹಿಂದಿನವು ಬೀಜಾಣುಗಳಾಗಲಿವೆ. ನ್ಯೂಟ್ರಲ್ ರೆಡ್ ಎಂಬ ಬಣ್ಣವನ್ನು ತೀರ ತೆಳುವಾಗಿ ಬಳಸಿದರೆ ಮುಂಭಾಗವೇ ಹೆಚ್ಚು ಕೆಂಪಾಗಿ ಈ ಗೆರೆ ಕಾಣಿಸುತ್ತದೆ. ಹದಿನೆಂಟು ಗಂಟೆಯ ಸುಮಾರಿಗೆ ಸ್ಲಗ್ ನಿಂತು, ತುದಿಯನ್ನು ಮೇಲಕ್ಕೆತ್ತುತ್ತದೆ. ಮುಂಭಾಗದ ಕೋಶಗಳು ಸೆಲ್ಯುಲೋಸಿನ ಕೊಳವೆಯೊಂದನ್ನು ನಡುವೆ ಕಟ್ಟಿ, ಮೇಲಿನಿಂದ ಅದರೊಳಕ್ಕೆ ಇಳಿದು, ಉಬ್ಬಿ, ಗೋಡೆ ಕಟ್ಟಿಕೊಂಡು ಸಾಯುತ್ತವೆ. ಹೀಗೆ ಸತ್ತ ಕೋಶಗಳೇ ಗಟ್ಟಿ ದಂಟಾಗಿ, ಉಳಿದವರನ್ನು ಮೇಲಕ್ಕೆತ್ತುತ್ತವೆ. 24ನೆಯ ಗಂಟೆಗೆ ಒಂದೆರಡು ಮಿಲಿಮೀಟರ್ ಎತ್ತರದ ದಂಟಿನ ತುದಿಯಲ್ಲಿ ನಿಂಬೆಯಾಕಾರದ ಹನಿ ನಿಂತಿರುತ್ತದೆ. ಅದರೊಳಗೆ ಹತ್ತಾರು ಸಾವಿರ ಬೀಜಾಣುಗಳು. ದಂಟಿಗಾಗಿ ಸತ್ತ ಕೋಶಗಳಿಗೆ ಸಂತತಿಯಿಲ್ಲ. ಈ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ಅದು ಹಳತಾಗಿಲ್ಲ. ಮುದುಮಲೆಯ ಅಧ್ಯಯನದಲ್ಲಿ ಇಂಥ ಗುಂಪುಗಳಲ್ಲಿ ಹೆಚ್ಚಿನವು ಒಂದೇ ತಾಯಿಕೋಶದ ಮಕ್ಕಳಲ್ಲ, ಬೇರೆ ಬೇರೆ ವಂಶದವುಗಳ ಕೂಟ ಎಂದು ಕಂಡುಬಂದಿರುವುದರಿಂದ, ಯಾರು ದಂಟಾಗುತ್ತಾರೆ, ಯಾರು ಬೀಜಾಣುವಾಗುತ್ತಾರೆ ಎಂಬುದು ವಿಕಾಸವಾದಿಗಳಿಗೆ ದೊಡ್ಡ ಪ್ರಶ್ನೆಯಾಗಿದೆ.

ಫಲಕಾಯವೊಂದೇ ದಾರಿಯಲ್ಲ. ಕೆಲವು ಪ್ರಭೇದಗಳ ಅಮೀಬಾಗಳು, ಪರಿಸರ ಒಗ್ಗದಾಗ, ಒಗ್ಗೂಡದೆ ತಮ್ಮಷ್ಟಕ್ಕೆ ಗೋಡೆ ಕಟ್ಟಿಕೊಂಡು ಮೈಕ್ರೋಸಿಸ್ಟ್ ಆಗಿ ಕಾಯುತ್ತವೆ. ಕತ್ತಲೆಯಲ್ಲಿ, ನೀರು ನಿಂತಂಥ ಒದ್ದೆಯಲ್ಲಿ ನಡೆಯುವುದು ಲೈಂಗಿಕ ದಾರಿ: ಎರಡು ಅಮೀಬಾಗಳು ಕೂಡಿ ಹುಟ್ಟಿದ ದೈತ್ಯಕೋಶ ಸುತ್ತಲಿನ ತನ್ನವರನ್ನೇ ಸೆಳೆದು ನುಂಗಿ, ದಪ್ಪ ಗೋಡೆಯ ಮ್ಯಾಕ್ರೋಸಿಸ್ಟ್ ಆಗುತ್ತದೆ. ಡಿಸ್ಕಾಯ್ಡಿಯಂನಲ್ಲಿ ಮೂರು ಲಿಂಗಮಾದರಿಗಳಿದ್ದು, ಒಂದು ಮಾದರಿ ಉಳಿದೆರಡರಲ್ಲಿ ಯಾವುದರೊಂದಿಗಾದರೂ ಕೂಡಬಲ್ಲದು. ತಟ್ಟೆಯಲ್ಲಿ ದಂಟಿಲ್ಲದ, ದುಂಡಗಿನ, ಅಲುಗದ ಗಂಟುಗಳು ಕಂಡರೆ ಪ್ರಯೋಗ ಕೆಟ್ಟಿತೆಂದು ಎಸೆಯದೆ ಅವನ್ನು ಗುರುತುಹಾಕಿಕೊಳ್ಳಿ.

ಬೇರ್ಪಡಿಸುವುದು

ತಟ್ಟೆಯಲ್ಲಿ ಎದ್ದುನಿಂತ ಎಲ್ಲವೂ ನಮ್ಮ ಜೀವಿಯಲ್ಲ. ಮ್ಯೂಕರ್ ಎಂಬ ಬೂಸ್ಟಿನ ಗುಂಡುಸೂಜಿಯಂಥ ತಲೆಗಳು ತೀರ ಹತ್ತಿರದ ಹೋಲಿಕೆಯವು. 1869ರಲ್ಲಿ ಆಸ್ಕರ್ ಬ್ರೆಫೆಲ್ಡ್ ಮೊದಲ ಪ್ರಭೇದವನ್ನು ವಿವರಿಸಿದಾಗ ಡಿಕ್ಟಿಯೋಸ್ಟೀಲಿಯಂ ಮ್ಯೂಕೊರಾಯ್ಡಿಸ್ ಎಂದು ಹೆಸರಿಟ್ಟದ್ದು ಈ ಹೋಲಿಕೆಯಿಂದಲೇ. ಬುಡದಲ್ಲಿ ಅಗರಿನೊಳಕ್ಕೆ ಇಳಿದ ಎಳೆಗಳಿದ್ದರೆ ಅದು ಶಿಲೀಂಧ್ರ, ನಮ್ಮದಕ್ಕೆ ಎಳೆಗಳಿರುವುದಿಲ್ಲ. ಖಚಿತವಾದ ಮೇಲೆ, ಸುಟ್ಟು ಆರಿಸಿದ ಅತಿ ತೆಳುವಾದ ಸೂಜಿಯ ತುದಿಯಿಂದ ಅಗರನ್ನು ತಾಕದೆ ಬೀಜಾಣುಗಳ ಹನಿಯನ್ನು ಮಾತ್ರ ಮುಟ್ಟಿ, ಹೊಸ ತಟ್ಟೆಯ ಮೇಲೆ ಎಳೆದಿರುವ ಇ. ಕೋಲೈ ಗೆರೆಗೆ ಸೋಕಿಸಬೇಕು. ಎರಡು ಮೂರು ಸಲ ಹೀಗೆ ದಾಟಿಸಿದರೆ ಶುದ್ಧ ತಳಿ ಸಿಗುತ್ತದೆ. ದಾಟಿಸಿದಷ್ಟೂ ಬೇರೆ ಬ್ಯಾಕ್ಟೀರಿಯಾ ಬರುತ್ತಲೇ ಇದ್ದರೆ ಅದು ನಿಮ್ಮ ಕೈತಪ್ಪೇ ಆಗಿರಬೇಕಿಲ್ಲ. ಡಿಸ್ಕಾಯ್ಡಿಯಂನ ಕಾಡುತಳಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ, ಬಿತ್ತನೆಯ ಬೀಜ ಕಾಪಿಡುವ ರೈತರಂತೆ, ಆಹಾರದ ಬ್ಯಾಕ್ಟೀರಿಯಾಗಳನ್ನು ಬೀಜಾಣುಗಳ ಜೊತೆಗೇ ಒಯ್ಯುತ್ತವೆ ಎಂಬುದು 2011ರಲ್ಲಿ ಗೊತ್ತಾಗಿದೆ.

ಹೆಸರಿಡುವುದು

ಮೊದಲ ಪ್ರಶ್ನೆ: ಇದು ಡಿಕ್ಟಿಯೋಸ್ಟೀಲಿಡ್, ಅಂದರೆ ಈವರೆಗೆ ಹೇಳಿದ ಜೀವಿಗಳ ಗುಂಪಿಗೆ ಸೇರಿದ್ದು, ಹೌದೇ? ಹಿಂದೆ 'ಕೋಶೀಯ ಲೋಳೆ ಬೂಸ್ಟು' ಎಂಬ ಒಂದೇ ಬುಟ್ಟಿಯಲ್ಲಿ ತುಂಬಿದ್ದ ಜೀವಿಗಳು ನೆಂಟರೇ ಅಲ್ಲವೆಂದು ಈಗ ತಿಳಿದಿದೆ. ಡಿಕ್ಟಿಯೋಸ್ಟೀಲಿಡ್‌ಗಳು ಅಮೀಬೊಜೋವಾ ಎಂಬ ಮಹಾಗುಂಪಿಗೆ ಸೇರಿದ್ದು, ಪ್ಲಾಸ್ಮೋಡಿಯಂ ಕಟ್ಟುವ ಲೋಳೆ ಬೂಸ್ಟುಗಳಿಗೆ ಹತ್ತಿರದವು. ವ್ಯಾನ್ ಟೀಗೆಮ್ 1880ರಲ್ಲಿ ವಿವರಿಸಿದ ಅಕ್ರಾಸಿಸ್ ದೂರದ ಹೆಟೆರೋಲೋಬೋಸಿಯಾ ಗುಂಪಿನದು. ಫಾಂಟಿಕ್ಯುಲಾ ಶಿಲೀಂಧ್ರಗಳಿಗೆ ಹತ್ತಿರದ ಕವಲಿನದು. ಒಗ್ಗೂಡಿ ಫಲಕಾಯ ಕಟ್ಟುವ ವಿದ್ಯೆ ಜೀವಲೋಕದಲ್ಲಿ ಹಲವು ಸಲ ಬೇರೆ ಬೇರೆಯಾಗಿ ಹುಟ್ಟಿದೆ. ಪರೀಕ್ಷೆ ಅಮೀಬಾದ ಹಂತದಲ್ಲೇ ಆಗಬೇಕು: ಡಿಕ್ಟಿಯೋಸ್ಟೀಲಿಡ್ ಅಮೀಬಾದ ಮಿಥ್ಯಾಪಾದಗಳು ತೆಳ್ಳಗೆ, ಚೂಪಾಗಿ ಚಾಚಿರುತ್ತವೆ, ಅಕ್ರಾಸಿಸ್‌ನ ಅಮೀಬಾ ಅಗಲವಾದ ಒಂದೇ ಹಾಲೆಯನ್ನು ಥಟ್ಟನೆ ಉಕ್ಕಿಸಿ ಮುಂದೆ ಸಾಗುತ್ತದೆ. ಅಕ್ರಾಸಿಸ್ ಸಿಗುವುದೂ ಹೆಚ್ಚಾಗಿ ಮಣ್ಣಿನಲ್ಲಲ್ಲ, ಗಿಡದ ಮೇಲೇ ಒಣಗಿ ನಿಂತ ಭಾಗಗಳಲ್ಲಿ. ಅದರ ಬೀಜಾಣುಗಳು ಸರಪಳಿಯಾಗಿ ನಿಲ್ಲುತ್ತವೆ.

ಎರಡನೆಯ ಪ್ರಶ್ನೆ ದಂಟಿನದು. ಒಂದು ಫಲಕಾಯವನ್ನು ಗಾಜಿನ ಪಟ್ಟಿಯ ಮೇಲೆ ನೀರಿನಲ್ಲಿ ಮಲಗಿಸಿ 400 ಪಟ್ಟು ಹಿಗ್ಗಿಸಿ ನೋಡಬೇಕು. ದಂಟಿನೊಳಗೆ ಜೇನುಗೂಡಿನಂತೆ ಕೋಶಗಳು ಕಂಡರೆ, ಅದು ಕೋಶಗಳಿರುವ ದಂಟು. ಡಿಕ್ಟಿಯೋಸ್ಟೀಲಿಯಂ ಎಂಬ ಹೆಸರಿಗೆ ಬಲೆಯಂಥ ಕಂಬ ಎಂಬ ಅರ್ಥ ಬಂದದ್ದು ಈ ನೋಟದಿಂದ. ದಂಟು ಬರೀ ಪಾರದರ್ಶಕ ಎಳೆಯಾಗಿದ್ದರೆ ಅಸೈಟೋಸ್ಟೀಲಿಯಂ. ಅದರಲ್ಲಿ ಯಾವ ಕೋಶವೂ ದಂಟಿಗಾಗಿ ಸಾಯುವುದಿಲ್ಲ, ಎಲ್ಲವೂ ಬೀಜಾಣುಗಳಾಗುತ್ತವೆ. ಮೂರನೆಯದು ಕವಲುಗಳ ಪ್ರಶ್ನೆ. ದಂಟಿನ ಸುತ್ತ ಒಂದೇ ಮಟ್ಟದಲ್ಲಿ ಹಲವು ಕವಲುಗಳು ಸುತ್ತುಸುತ್ತಾಗಿ ಎದ್ದಿದ್ದರೆ ಹಳೆಯ ಕ್ರಮದಲ್ಲಿ ಅದು ಪಾಲಿಸ್ಫಾಂಡೈಲಿಯಂ. ಕವಲಿಲ್ಲದಿದ್ದರೆ ಅಥವಾ ಕವಲುಗಳು ಅಡ್ಡಾದಿಡ್ಡಿಯಾಗಿದ್ದರೆ ಡಿಕ್ಟಿಯೋಸ್ಟೀಲಿಯಂ.

ಈ ಮೂರು ಕುಲಗಳ ಕ್ರಮ ಸುಮಾರು ಅರ್ಧ ಶತಮಾನ ಬಾಳಿತು, ಹಳೆಯ ಪುಸ್ತಕಗಳಲ್ಲೆಲ್ಲ ಅದೇ ಇದೆ. ಡಿಎನ್ಎ ಅನುಕ್ರಮಗಳನ್ನು ಹೋಲಿಸಿ 2006ರಲ್ಲಿ ಪ್ರಕಟವಾದ ವಂಶವೃಕ್ಷ ಅದನ್ನು ಅಲುಗಾಡಿಸಿತು: ಎಲ್ಲ ಪ್ರಭೇದಗಳೂ ನಾಲ್ಕು ದೊಡ್ಡ ಗುಂಪುಗಳಾಗಿ ಒಡೆದವು, ಡಿಕ್ಟಿಯೋಸ್ಟೀಲಿಯಂ ಎನಿಸಿಕೊಂಡವು ನಾಲ್ಕರಲ್ಲೂ ಚೆದುರಿಹೋಗಿದ್ದವು. ಇದನ್ನು ಆಧರಿಸಿ 2018ರಲ್ಲಿ ಹೊಸ ವರ್ಗೀಕರಣ ಬಂತು. ಅದರಲ್ಲಿ ಎರಡು ಗಣಗಳಿವೆ. ಅಸೈಟೋಸ್ಟೀಲಿಯೇಲ್ಸ್ ಗಣದಲ್ಲಿ ಕ್ಯಾವೆಂಡೇರಿಯೇಸಿ ಮತ್ತು ಅಸೈಟೋಸ್ಟೀಲಿಯೇಸಿ ಕುಟುಂಬಗಳು, ಡಿಕ್ಟಿಯೋಸ್ಟೀಲಿಯೇಲ್ಸ್ ಗಣದಲ್ಲಿ ರೇಪೆರೋಸ್ಟೀಲಿಯೇಸಿ ಮತ್ತು ಡಿಕ್ಟಿಯೋಸ್ಟೀಲಿಯೇಸಿ ಕುಟುಂಬಗಳು ಸೇರಿವೆ. ಕುಲಗಳ ಸಂಖ್ಯೆ ಹನ್ನೆರಡಕ್ಕೆ ಏರಿತು. ವಿದ್ಯಾರ್ಥಿಗಳಿಗೆ ಇದರಿಂದ ಆಗುವ ಗೊಂದಲ ದೊಡ್ಡದು. ಬೆಳ್ಳಗಿನ, ಸುತ್ತುಕವಲಿನ ಪಾಲಿಸ್ಫಾಂಡೈಲಿಯಂ ಪ್ಯಾಲಿಡಂ ಈಗ ಹೆಟೆರೋಸ್ಟೀಲಿಯಂ ಪ್ಯಾಲಿಡಂ ಆಗಿ ಅಸೈಟೋಸ್ಟೀಲಿಯೇಸಿಗೆ ಹೋಗಿದೆ. ನೇರಳೆ ಬಣ್ಣದ, ಅದೇ ಸುತ್ತುಕವಲಿನ ಪಾಲಿಸ್ಫಾಂಡೈಲಿಯಂ ವಯೋಲೇಸಿಯಂ ಹೆಸರು ಬದಲಿಸದೆ ಡಿಕ್ಟಿಯೋಸ್ಟೀಲಿಯೇಸಿಯಲ್ಲೇ ಉಳಿದಿದೆ. ಡಿಕ್ಟಿಯೋಸ್ಟೀಲಿಯಂ ಲ್ಯಾಕ್ಟಿಯಂ ಎಂದು ಓದಿದ್ದವರು ಇನ್ನು ಟೀಗೆಮೋಸ್ಟೀಲಿಯಂ ಲ್ಯಾಕ್ಟಿಯಂ ಎನ್ನಬೇಕು. ಸುತ್ತುಕವಲು ಒಂದಕ್ಕಿಂತ ಹೆಚ್ಚು ಸಲ ಬೇರೆ ಬೇರೆ ವಂಶಗಳಲ್ಲಿ ಮೂಡಿದೆ ಎಂಬುದೇ ಇದರ ಅರ್ಥ. ಆದ್ದರಿಂದ ಕವಲನ್ನು ಮಾತ್ರ ನೋಡಿ ಕುಲ ಹೇಳುವಂತಿಲ್ಲ.

ಹಾಗಿದ್ದರೆ ತಟ್ಟೆಯ ಮುಂದೆ ಕುಳಿತವರು ಏನು ಮಾಡಬೇಕು? ಬೀಜಾಣುವನ್ನು ಎಣ್ಣೆಮಸೂರದಡಿ, 1000 ಪಟ್ಟು ಹಿಗ್ಗಿಸಿ ನೋಡಬೇಕು. ಅದು ದುಂಡಗೆ ಇದೆಯೇ, ಅಂಡಾಕಾರವೇ, ಉದ್ದ ಅಗಲಗಳೆಷ್ಟು, ಎರಡು ತುದಿಗಳಲ್ಲಿ ಹೊಳೆಯುವ ಕಣಗಳಿವೆಯೇ ಎಂದು ಕನಿಷ್ಠ 20 ಬೀಜಾಣುಗಳಲ್ಲಿ ಗಮನಿಸಬೇಕು. ತುದಿಕಣಗಳು ಒತ್ತಾಗಿ ಗುಂಪುಗೂಡಿದ್ದರೆ ಮೊದಲ ಎರಡು ಗುಂಪುಗಳ (ಕ್ಯಾವೆಂಡೇರಿಯೇಸಿ, ಅಸೈಟೋಸ್ಟೀಲಿಯೇಸಿ) ಕಡೆಗೆ ತೂಗುತ್ತದೆ. ನಾಲ್ಕನೆಯ ಗುಂಪಿನ (ಡಿಕ್ಟಿಯೋಸ್ಟೀಲಿಯೇಸಿ) ಬಹುಪಾಲು ಪ್ರಭೇದಗಳಲ್ಲಿ ಅವು ಇರುವುದಿಲ್ಲ, ಫಲಕಾಯಗಳೂ ಗೊಂಚಲಾಗದೆ ದೊಡ್ಡವಾಗಿ ಒಂಟಿಯಾಗಿ ನಿಲ್ಲುತ್ತವೆ. ಹನಿಯ ಬಣ್ಣ ಇನ್ನೊಂದು ಸುಳಿವು: ಕಡುನೇರಳೆ ಹನಿಯಿದ್ದು ಸುತ್ತುಕವಲಿಲ್ಲದಿದ್ದರೆ ಡಿಕ್ಟಿಯೋಸ್ಟೀಲಿಯಂ ಪರ್ಪ್ಯೂರಿಯಂ ಆಗಿರುವ ಸಾಧ್ಯತೆ ಹೆಚ್ಚು. ಸ್ಲಗ್ ಹಂತದಲ್ಲಿ ನೋಡಿದವರಿಗೆ ಮಾತ್ರ ದಕ್ಕುವ ಸುಳಿವೊಂದಿದೆ. ಡಿಸ್ಕಾಯ್ಡಿಯಂ ದಂಟಿಲ್ಲದೆ ತೆವಳಿ, ನಿಂತ ಮೇಲೆ ದಂಟು ಕಟ್ಟುತ್ತದೆ, ಬುಡದಲ್ಲಿ ತಟ್ಟೆಯಂಥ ಪಾದವನ್ನೂ ಊರುತ್ತದೆ. ಮ್ಯೂಕೊರಾಯ್ಡಿಸ್, ಪರ್ಪ್ಯೂರಿಯಂ ಮೊದಲಾದವು ಸಾಗುತ್ತಿರುವಾಗಲೇ ಹಿಂದೆ ದಂಟನ್ನು ಎಳೆಯುತ್ತ ಹೋಗುತ್ತವೆ. ಪೂರ್ತಿ ನಿಂತ ಫಲಕಾಯವನ್ನಷ್ಟೇ ನೋಡಿದವರಿಗೆ ಈ ವ್ಯತ್ಯಾಸ ತಿಳಿಯುವ ಬಗೆಯಿಲ್ಲ.

ಇಷ್ಟೆಲ್ಲ ಸೇರಿಸಿದರೂ ಕಣ್ಣಿಗೆ ಕಂಡ ಲಕ್ಷಣಗಳಿಂದ ಖಚಿತವಾಗಿ ಹೇಳಬಹುದಾದದ್ದು ಹಲವು ಸಲ ಗುಂಪನ್ನು ಮಾತ್ರ. ಪ್ರಭೇದದ ಹೆಸರು ಪ್ರಕಟಿಸಬೇಕಾದರೆ 18ಎಸ್ ಆರ್‌ಎನ್ಎ ಜೀನಿನ ಅನುಕ್ರಮ ಓದಿಸಲೇಬೇಕು. ಅಲ್ಲಿಯವರೆಗೆ ಪುಸ್ತಕದಲ್ಲಿ "ಡಿಕ್ಟಿಯೋಸ್ಟೀಲಿಯಂ, ಪರ್ಪ್ಯೂರಿಯಂ ಹೋಲಿಕೆ" ಎಂದು ಬರೆದು, ಪಕ್ಕದಲ್ಲಿ ನೋಡಿದ ಗಂಟೆ, ಉಷ್ಣತೆ, ಬೀಜಾಣುವಿನ ಅಳತೆ, ದಂಟಿನ ಚಿತ್ರ ದಾಖಲಿಸುವುದೇ ಸರಿ. ಕೈಯಿಂದ ಬಿಡಿಸಿದ ಚಿತ್ರ ಮೊಬೈಲ್ ಫೋಟೊಗಿಂತ ಹೆಚ್ಚು ಉಪಯುಕ್ತ. ಬಿಡಿಸುವಾಗ ಕಣ್ಣು ಕವಲುಗಳನ್ನು ಎಣಿಸುತ್ತದೆ.

ಕೆಲಸ ಮುಗಿದ ಮೇಲೆ

ಶುದ್ಧ ತಳಿಯ ಬೀಜಾಣುಗಳನ್ನು ಒಣ ಸಿಲಿಕಾ ಜೆಲ್ ಹರಳುಗಳೊಂದಿಗೆ ಬೆರೆಸಿ, ಬಿಗಿ ಮುಚ್ಚಳದ ಶೀಸೆಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ವರ್ಷಗಟ್ಟಲೆ ಜೀವ ಉಳಿಯುತ್ತದೆ. ಬೇಕಾದಾಗ ನಾಲ್ಕು ಹರಳುಗಳನ್ನು ಬ್ಯಾಕ್ಟೀರಿಯಾ ಇರುವ ತಟ್ಟೆಗೆ ಉದುರಿಸಿದರಾಯಿತು. ಉಳಿದ ತಟ್ಟೆಗಳಲ್ಲಿ ಮಣ್ಣಿನ ಅನಾಮಿಕ ಬ್ಯಾಕ್ಟೀರಿಯಾಗಳೂ ಬೆಳೆದಿರುವುದರಿಂದ ಅವನ್ನು ತೆರೆದಂತೆ ಕಸದ ಬುಟ್ಟಿಗೆ ಹಾಕಬಾರದು. ಮತ್ತೊಮ್ಮೆ ಆಟೋಕ್ಲೇವಿನಲ್ಲಿ ಬೇಯಿಸಿ ಅಥವಾ ಬ್ಲೀಚಿಂಗ್ ದ್ರಾವಣದಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ಎಸೆಯಬೇಕು. ಅಡುಗೆಗೆ ಬಳಸುವ ಕುಕ್ಕರನ್ನು ಈ ಕೊನೆಯ ಕೆಲಸಕ್ಕೆ ಎಂದಿಗೂ ಬಳಸಬೇಡಿ. ಮಣ್ಣು ಮುಟ್ಟಿದ ಮೇಜು ಒರೆಸಿ, ಕೈ ತೊಳೆದು, ಶೀಸೆಯ ಮೇಲೆ ತಳಿಯ ಸಂಖ್ಯೆ ಮತ್ತು ಮಣ್ಣು ತಂದ ಚೀಲದ ಸಂಖ್ಯೆ ಎರಡೂ ಇವೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ.